ಗೋಡೆಯ ನಾಲ್ಕು ತೂತು ಮತ್ತು ನ್ಯಾಸಾಪಹಾರ

ಬಾಡಿಗೆಗೆ ಮನೆ ಕೊಟ್ಟಿರುವ ಶ್ರಾವಕರ ಜಗಲಿಗಳಲ್ಲಿಯೂ ಬಸದಿಗಳ ಆಡಳಿತ ಮಂಡಳಿಯ ಸಭೆಗಳಲ್ಲಿಯೂ ಆಗಾಗ್ಗೆ ತಲೆದೋರುವ ಪ್ರಶ್ನೆಯೊಂದುಂಟು. ಬಾಡಿಗೆದಾರನು ತನ್ನ ಟೀವಿಯನ್ನು ಗೋಡೆಗೆ ಜೋಡಿಸಲು ಅಪ್ಪಣೆ ಬೇಡುತ್ತಾನೆ, ಕೊಡಬೇಕೋ ಬೇಡವೋ? ಮೇಲ್ನೋಟಕ್ಕೆ ಇದು ನಾಲ್ಕು ತೂತುಗಳ ಮಾತು, ಕ್ಷುಲ್ಲಕ ವ್ಯವಹಾರ. ಆದರೆ ಈ ಪ್ರಶ್ನೆಗೆ ವಾಡಿಕೆಯಾಗಿ ಬರುವ ಉತ್ತರವನ್ನೂ, ಮನೆ ಬಿಡುವ ದಿನ ಆ ಉತ್ತರದ ಬೆನ್ನಿಗೆ ನಡೆಯುವ ಲೆಕ್ಕಾಚಾರವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಗೃಹಸ್ಥನ ಐದು ಅಣುವ್ರತಗಳ ಪೈಕಿ ಎರಡಕ್ಕೆ, ಸತ್ಯಕ್ಕೂ ಅಚೌರ್ಯಕ್ಕೂ, ನೇರವಾಗಿ ಧಕ್ಕೆ ತರುವ ನಡತೆಯೊಂದು ಧರ್ಮಭೀರುಗಳ ಮನೆಗಳಲ್ಲಿಯೇ ಬೇರೂರಿರುವುದು ಕಂಡುಬರುತ್ತದೆ. ರೂಢಿಯಾಯಿತೆಂಬ ಕಾರಣದಿಂದ ಅದರ ದೋಷ ಕಡಿಮೆಯಾಗುವುದಿಲ್ಲ.

ಶಿರಸಿ ತಾಲ್ಲೂಕಿನ ಹುಲೇಕಲ್ಲನ್ನೇ ಎದುರಿಗಿಟ್ಟುಕೊಳ್ಳಬಹುದು. ಸ್ವಾದಿಯ ದಿಗಂಬರ ಜೈನ ಮಠವಿರುವ ಸೋದೆಯೂ ಕದಂಬರ ಬನವಾಸಿಯೂ ಅದೇ ತಾಲ್ಲೂಕಿನವು. ಹುಲೇಕಲ್ಲು ಅಡಿಕೆ ತೋಟಗಳ ನಡುವಣ ಊರು. ಇಂಥ ಊರಿನಲ್ಲಿ ಬಾಡಿಗೆಗೆ ಮನೆ ಅರಸಿ ಬರುವವರು ಯಾರು? ವರ್ಗವಾಗಿ ಬಂದ ಶಾಲಾ ಶಿಕ್ಷಕ, ಬ್ಯಾಂಕಿನ ಗುಮಾಸ್ತೆ, ಆರೋಗ್ಯ ಸಹಾಯಕಿ, ಅರಣ್ಯ ಇಲಾಖೆಯ ನೌಕರ. ಕೆಲವು ವರ್ಷ ಇದ್ದು, ಮತ್ತೊಂದು ವರ್ಗದ ಆದೇಶ ಕೈಗೆ ಬಂದೊಡನೆ ಗಂಟುಮೂಟೆ ಕಟ್ಟತಕ್ಕವರು. ಬೆಂಗಳೂರಿನಲ್ಲಿ ಒಬ್ಬ ಯಜಮಾನ ಒಲ್ಲೆನೆಂದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ ಸಿಕ್ಕೀತು. ಹಳ್ಳಿಯಲ್ಲಿ ಖಾಲಿ ಇರುವುದೇ ಒಂದೆರಡು ಮನೆ. ಯಜಮಾನನು ಏನು ನುಡಿದರೂ ಬಾಡಿಗೆದಾರನು ತಲೆಯಾಡಿಸಲೇಬೇಕು. ಎದುರಾಡಲಾರದವನೊಡನೆ ವ್ಯವಹರಿಸುವಾಗ ಗೃಹಸ್ಥನ ಮೇಲಿರುವ ಹೊಣೆ ಹೆಚ್ಚುತ್ತದೆ. ಆದರೆ ಬಹುಮಂದಿಯ ನಡತೆಯಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದುದು.

ಹಿಂದೆ ಈ ಪ್ರಶ್ನೆಗೆ ಬೇರೆ ರೂಪವಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ. 1987ರಲ್ಲಿ ರಾಮಾಯಣ ಧಾರಾವಾಹಿ ಬರತೊಡಗಿದ ಮೇಲೆ ಟೀವಿ ಹಳ್ಳಿಗಳಿಗೂ ಹಬ್ಬಿತು. ಆಗಿನ ಯಂತ್ರವು ಇಬ್ಬರು ಹೊತ್ತು ತರಬೇಕಾದ ಭಾರದ ಪೆಟ್ಟಿಗೆ. ಅದು ಮೇಜಿನ ಮೇಲೆ ಕುಳಿತಿರುತ್ತಿತ್ತು. ಜಗಳವಿದ್ದುದು ಮಾಡಿನ ಮೇಲೆ. ಆಂಟೆನಾದ ಕಂಬ ನಿಲ್ಲಿಸಲು ಹತ್ತಿದವನ ಕಾಲಿಗೆ ಸಿಕ್ಕಿ ಹಂಚು ಒಡೆಯುತ್ತಿತ್ತು, ಆಷಾಢದ ಮಳೆಗೆ ಸೋರುತ್ತಿತ್ತು. ಒಡೆದ ಹಂಚಿನ ಬದಲಿಗೆ ಹೊಸ ಹಂಚು ಏರಿಸಿದರೆ ಅಲ್ಲಿಗೆ ಮುಗಿಯಿತು. ಈಗಿನ ಟೀವಿ ಹಗುರ. 43 ಅಂಗುಲದ್ದಾದರೂ ಸಾಮಾನ್ಯವಾಗಿ ಹತ್ತು ಕಿಲೋ ಮೀರುವುದಿಲ್ಲ. ಆದರೆ ಅದು ಹಲಗೆಯಂತೆ ತೆಳ್ಳಗಿರುವುದರಿಂದ ಮೇಜಿನ ಮೇಲಿಟ್ಟರೆ ಮಗುವೊಂದು ಎಳೆದರೂ ಮುಂದಕ್ಕೆ ಉರುಳೀತು. ಗೋಡೆಗೆ ಜೋಡಿಸಬೇಕೆಂಬ ಬೇಡಿಕೆ ಕೇವಲ ಶೋಕಿಯದೆಂದು ತಳ್ಳಿಹಾಕುವವರು ಮನೆಯಲ್ಲಿ ಅಂಬೆಗಾಲಿಡುವ ಕೂಸಿರುವ ತಾಯಿಯನ್ನು ಒಮ್ಮೆ ಕೇಳಿ ನೋಡಬೇಕು.

ಇದಕ್ಕೆ ವಾಡಿಕೆಯ ಉತ್ತರ ಎಲ್ಲರೂ ಬಲ್ಲದ್ದೇ: “ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು.” ಈ ಮಾತಿನಿಂದ ಗೋಡೆ ಉಳಿಯುತ್ತದೆಯೇ? ಯಜಮಾನನು ಕುಂದಾಪುರಕ್ಕೋ ಹುಬ್ಬಳ್ಳಿಗೋ ಹೋದ ದಿನ ನೋಡಿ ಬಾಡಿಗೆದಾರನು ಶಿರಸಿಯಿಂದ ಹುಡುಗನೊಬ್ಬನನ್ನು ಕರೆಸುತ್ತಾನೆ. ಅವನು ಸಿಕ್ಕ ಕಡೆ ಅವಸರದಿಂದ ಕೊರೆಯುತ್ತಾನೆ. ಆಮೇಲೆ ತೂತನ್ನು ಮರೆಮಾಡಲು ಕ್ಯಾಲೆಂಡರು, ಯಜಮಾನನು ಬಾಗಿಲಿಗೆ ಬಂದಾಗಲೆಲ್ಲ ಒಂದು ಅಳುಕು. ಹೀಗೆ ನಿರಾಕರಣೆಯು ಗೋಡೆಯನ್ನು ಕಾಯುವುದಿಲ್ಲ. ಕಳ್ಳತನವನ್ನೂ ಸುಳ್ಳನ್ನೂ ಮನೆಯೊಳಕ್ಕೆ ಕರೆತರುತ್ತದೆ. ಮಾಡಿದವನ ದೋಷ ಅವನದೇ, ಸಂದೇಹವಿಲ್ಲ. ಆದರೆ ತಾನು ಮಾಡುವುದರ ಜೊತೆಗೆ ಮಾಡಿಸುವುದನ್ನೂ ಅನುಮೋದಿಸುವುದನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಹುಟ್ಟಿದವನು, ತನ್ನ ಮೊಂಡು ಮಾತು ಇನ್ನೊಬ್ಬನನ್ನು ಯಾವ ದಾರಿಗೆ ನೂಕೀತೆಂದು ಯೋಚಿಸದೆ ಇರಲಾಗದು.

ನಿಜಕ್ಕೂ ಗೋಡೆಯ ಚಿಂತೆಯಿದ್ದವನು ಇನ್ನೊಂದು ರೀತಿ ನಡೆದುಕೊಳ್ಳುತ್ತಾನೆ. ಗೋಡೆಯನ್ನು ಬಲ್ಲವನು ಅವನೇ ಹೊರತು ಬಾಡಿಗೆದಾರನಲ್ಲ. ಮಲೆನಾಡಿನ ಹಳೆಯ ಮನೆಯ ಗೋಡೆ ಕೆಮ್ಮಣ್ಣಿನದು. ಅದರಲ್ಲಿ ಪ್ಲಾಸ್ಟಿಕ್ ಪ್ಲಗ್ಗು ಹಿಡಿದು ನಿಲ್ಲುವುದೇ ಇಲ್ಲ, ಭಾರ ಬಿದ್ದೊಡನೆ ಹೆಂಟೆಯೊಡನೆ ಕಿತ್ತು ಬರುತ್ತದೆ. ಅಂಥಲ್ಲಿ ಬೇಡವೆನ್ನುವುದೇ ಸರಿ, ಕಾರಣ ಹೇಳಿ ಬೇಡವೆನ್ನಬೇಕು. ಮರದ ಕಂಬಕ್ಕೋ ತೊಲೆಗೋ ಹಲಗೆ ಬಿಗಿದು ಅದಕ್ಕೆ ಜೋಡಿಸುವ ಉಪಾಯವನ್ನೂ ಸೂಚಿಸಬಹುದು. ಚಿರೆಕಲ್ಲಿನ ಗೋಡೆಯಾದರೆ ಕಲ್ಲು ಮೃದು, ಒಳಗೆ ಸಣ್ಣಪುಟ್ಟ ಪೊಳ್ಳುಗಳು. ಕೊರೆಯುವಾಗ ತೂತು ಬೇಕಾದುದಕ್ಕಿಂತ ಅಗಲವಾಗುತ್ತದೆ. ನಿಧಾನವಾಗಿ ಕೊರೆದು ಉದ್ದನೆಯ ಪ್ಲಗ್ಗು ಹಾಕಿದರೆ ನಿಲ್ಲುತ್ತದೆ. ಸಿಮೆಂಟಿನ ಪೊಳ್ಳು ಇಟ್ಟಿಗೆಯ ಗೋಡೆಯಲ್ಲಿ ತುದಿ ಗಾಳಿಗೆ ತಲುಪುತ್ತದೆ. ಅದಕ್ಕೆ ಬೇರೆ ಬಗೆಯ ತಿರುಪು ಬೇಕು. ಪಡುವಣ ಗೋಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗೆ ಮೈಯೊಡ್ಡಿ ಒದ್ದೆಯಾಗಿರುತ್ತದೆ. ಸೋಗೆಯ ತಟ್ಟಿ ಕಟ್ಟಿದರೂ ತೇವ ಒಳಗೆ ಬರುತ್ತದೆ. ಆ ಗೋಡೆ ಟೀವಿಗೂ ಕೇಡು, ತಿರುಪಿಗೂ ಕೇಡು. ಪಕ್ಕದ ಬಿಡಾರದೊಡನೆ ಹಂಚಿಕೊಂಡ ಗೋಡೆಗೆ ಜೋಡಿಸಿದರೆ ಶಬ್ದ ಗೋಡೆಯಲ್ಲಿಯೇ ಹರಿದು ನೆರೆಯವರ ನಿದ್ದೆ ಕೆಡಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ವಿದ್ಯುತ್ ತಂತಿ. ಹಳೆಯ ಮನೆಗಳಲ್ಲಿ ತಂತಿ ಮರದ ಪಟ್ಟಿಯ ಮೇಲೆ ಕಣ್ಣಿಗೆ ಕಾಣುವಂತೆ ಓಡುತ್ತಿತ್ತು. ಈಚೆಗೆ ಕಟ್ಟಿದ ಮನೆಗಳಲ್ಲಿ ಅದು ಗಿಲಾವಿನ ಒಳಗೆ ಪೈಪಿನಲ್ಲಿ ಅಡಗಿರುತ್ತದೆ. ಸಾಮಾನ್ಯವಾಗಿ ಸ್ವಿಚ್ಚು ಬೋರ್ಡಿನಿಂದ ನೇರ ಮೇಲಕ್ಕೋ ಅಡ್ಡಕ್ಕೋ ಹೋಗುತ್ತದೆ. ಆದರೆ ಮನೆ ಕಟ್ಟಿಸುವಾಗ ಕೆಲಸಗಾರನು ಎಲ್ಲಿ ಓರೆ ಹಿಡಿದನೆಂಬುದು ಅವನನ್ನು ಕಂಡವನಿಗೇ ಗೊತ್ತು. ಟೀವಿಯನ್ನು ಬೋರ್ಡಿನ ಬಳಿಯೇ ಜೋಡಿಸುವುದು ವಾಡಿಕೆಯಾದುದರಿಂದ ಕೊರೆಯುವ ಸಲಾಕೆ ತಂತಿಗೆ ತಗಲುವ ಸಂಭವವೂ ಅಲ್ಲಿಯೇ ಹೆಚ್ಚು. ತಂತಿ ಎಲ್ಲಿದೆಯೆಂದು ತಿಳಿದವನು “ಮೊಳೆ ಹೊಡೆಯಕೂಡದು” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರೆ, ತಿಳಿಯದವನು ಕದ್ದು ಕೊರೆದು ಪ್ರಾಣಕ್ಕೆ ಎರವಾದರೆ, ಅಹಿಂಸೆಯ ಹೆಸರಿನಲ್ಲಿ ನೀರು ಸೋಸಿ ಕುಡಿಯುವವನು ಆ ಸಾವಿಗೆ ತನ್ನ ಸಂಬಂಧವಿಲ್ಲವೆಂದು ಹೇಗೆ ಹೇಳಿಯಾನು? ಐದು ನಿಮಿಷ ಎದ್ದು ಬಂದು, ಇಲ್ಲಿ ಬೇಡ, ಇಲ್ಲಿ ಆಗಬಹುದು, ಕೊರೆಯುವಾಗ ಮೇನ್ ಸ್ವಿಚ್ಚಿನಿಂದ ಈ ಕೋಣೆಯ ಸಂಪರ್ಕ ತೆಗೆಯಿರಿ, ಬೇಕಾದ ಕರೆಂಟನ್ನು ಬೇರೆ ಕೋಣೆಯಿಂದ ಎಳೆದುಕೊಳ್ಳಿ ಎಂದರೆ ಮುಗಿಯುವ ಕೆಲಸವದು.

ಇನ್ನು ಕಾನೂನಿನ ಮಾತು. ಕಾನೂನು ತಮ್ಮ ಪಕ್ಷದಲ್ಲಿದೆಯೆಂದು ಯಜಮಾನರು ನಂಬಿರುತ್ತಾರೆ, ಅರ್ಧ ನಿಜ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮಿನಂತೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಬಾಡಿಗೆದಾರನು ಕಟ್ಟಡಕ್ಕೆ ಹಾನಿ ಮಾಡಕೂಡದು, ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡವನ್ನು ಎಬ್ಬಿಸಕೂಡದು, ಸ್ವತ್ತನ್ನು ಪಡೆದ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ಅದೇ ಕಲಮು ನ್ಯಾಯವಾದ ಬಳಕೆಯಿಂದ ಆಗುವ ಸವಕಳಿಯನ್ನು ಅವನ ಲೆಕ್ಕದಿಂದ ಹೊರಗಿಡುತ್ತದೆ. ತಾನು ಜೋಡಿಸಿದ್ದನ್ನು ಬಿಚ್ಚಿ ಒಯ್ಯುವ ಹಕ್ಕನ್ನೂ ಅವನಿಗೆ ಕೊಡುತ್ತದೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯು, ವಾಸದ ಮನೆಯ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದೂ, ಮನೆ ಬಿಟ್ಟುಕೊಟ್ಟ ದಿನವೇ ನ್ಯಾಯವಾದ ಕಡಿತ ಕಳೆದು ಹಿಂದಿರುಗಿಸಬೇಕೆಂದೂ ಹೇಳಿ, ಗೋಡೆಗೆ ಸುಣ್ಣ ಬಳಿಸುವುದನ್ನು ಮಾಲೀಕನ ಪಾಲಿನ ಕೆಲಸಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಅದು ಮಾದರಿ ಮಾತ್ರ. ರಾಜ್ಯ ಅಂಗೀಕರಿಸಿದ ಹೊರತು ಕಟ್ಟುಪಾಡಲ್ಲ. ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯವು 1993ರಲ್ಲಿಯೇ, ವಾಡಿಕೆಯ ಮಿತಿಯಲ್ಲಿ ಗೋಡೆಗೆ ತೂತು ಕೊರೆಯುವುದು ಬಾಡಿಗೆ ಮನೆಯ ಸಹಜ ಬಳಕೆಗೆ ಸೇರಿದ್ದೆಂದು ಹೇಳಿತು. ಇಂಗ್ಲೆಂಡಿನಲ್ಲಿ 2007ರ ಏಪ್ರಿಲ್‌ನಿಂದ ಠೇವಣಿಗೆ ಸರ್ಕಾರ ಮಾನ್ಯ ಮಾಡಿದ ಮೂರನೆಯವರ ರಕ್ಷಣೆ ಇರಲೇಬೇಕು; ಮಾಲೀಕನೇ ವಾದಿಯೂ ನ್ಯಾಯಾಧೀಶನೂ ಆಗುವಂತಿಲ್ಲ. ಪರದೇಶಗಳ ಕಾನೂನನ್ನು ಹುಲೇಕಲ್ಲಿಗೆ ತರಬೇಕೆಂದಲ್ಲ. ಸರ್ಕಾರದ ಬೆತ್ತಕ್ಕೆ ಅಂಜಿ ಅಲ್ಲಿಯವರು ಪಾಲಿಸುವ ನ್ಯಾಯವನ್ನು, ವ್ರತವಿದೆಯೆಂದು ಹೇಳಿಕೊಳ್ಳುವವರು ತಾವಾಗಿಯೇ ಪಾಲಿಸಲಾರರೆಂದರೆ ಅದು ನಾಚಿಕೆಯ ವಿಷಯ.

ಈಗ ಅಸಲು ವಿಷಯಕ್ಕೆ ಬರಬೇಕು. ಟೀವಿಯ ತೂತು ಜಗಳಕ್ಕೆ ನೆಪ. ಜಗಳದ ಬೇರಿರುವುದು ಠೇವಣಿಯಲ್ಲಿ. ಮನೆಗೆ ಕಾಲಿಡುವಾಗ ಬಾಡಿಗೆದಾರನು ಕೊಟ್ಟ ಆ ಹಣ ಯಾರದು? ಅದು ಬಾಡಿಗೆಯಲ್ಲ, ಕಾಣಿಕೆಯಲ್ಲ. ನಂಬಿ ಇರಿಸಿದ ನ್ಯಾಸ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನ್ಯಾಸಾಪಹಾರವನ್ನು ಹೆಸರಿಸಿಯೇ ಹೇಳಿದ್ದಾರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅದು ಉಂಟು. ಪರರ ಒಡವೆಯನ್ನು ನುಂಗುವುದು ಕಳವಿನ ಪ್ರಕರಣಕ್ಕೆ ಸೇರಬೇಕಾದುದಲ್ಲವೇ, ಸತ್ಯವ್ರತದ ಕೆಳಗೆ ಏಕೆ ಬಂತು ಎಂದು ಕೇಳಬಹುದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಲ್ಲಿ ಇದಕ್ಕೆ ಉತ್ತರವಿದೆ. ಚಿನ್ನ ಮೊದಲಾದುದನ್ನು ಇರಿಸಿದವನು ಅದರ ಪ್ರಮಾಣವನ್ನು ಮರೆತು ಕಡಿಮೆ ಕೇಳುತ್ತಾನೆ. ಇರಿಸಿಕೊಂಡವನು ಹೌದು, ಅಷ್ಟೇ ಎಂದು ಒಪ್ಪಿಕೊಡುತ್ತಾನೆ. ಇಲ್ಲಿ ಬಾಗಿಲು ಮುರಿದುದಿಲ್ಲ, ಕನ್ನ ಕೊರೆದುದಿಲ್ಲ. ಒಂದು ‘ಹೌದು’ ಎಂಬ ಮಾತಿನಿಂದಲೇ ಪರರ ವಸ್ತು ತನ್ನದಾಯಿತು. ಆದುದರಿಂದಲೇ ಅದು ನಾಲಗೆಯ ಪಾಪ.

ಮನೆ ಬಿಡುವ ದಿನದ ದೃಶ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಸಾಮಾನು ಲಾರಿಗೆ ಏರಿದೆ, ಹೊಸ ಊರಿನಲ್ಲಿ ಮಕ್ಕಳ ಶಾಲೆ ಆರಂಭವಾಗಲಿದೆ, ಹೆಂಡತಿ ಮಕ್ಕಳು ರಸ್ತೆಯಲ್ಲಿ ಕಾದಿದ್ದಾರೆ. ಯಜಮಾನನು ಗೋಡೆಯ ಮುಂದೆ ನಿಂತು, “ನೋಡಿ, ಗೋಡೆ ಪೂರ್ತಿ ಹಾಳಾಯಿತು, ಬಣ್ಣ ಹೊಡೆಸಬೇಕು, ಠೇವಣಿ ಅದಕ್ಕೇ ಆಗುತ್ತದೆ” ಎನ್ನುತ್ತಾನೆ. ಪೂರ್ತಿ ಹಾಳಾಯಿತೆಂಬುದು ಎಷ್ಟು ನಿಜ? ಟೀವಿಯ ಬ್ರ್ಯಾಕೆಟ್ಟಿಗೆ ಸಾಮಾನ್ಯವಾಗಿ ನಾಲ್ಕು ತೂತು. ಒಂದೊಂದೂ 8 ಮಿಲಿಮೀಟರು ಅಡ್ಡಗಲ. ನಾಲ್ಕೂ ಸೇರಿದರೆ ಸುಮಾರು ಎರಡು ಚದರ ಸೆಂಟಿಮೀಟರು. ಹತ್ತು ಅಡಿ ಉದ್ದ ಹತ್ತು ಅಡಿ ಎತ್ತರದ ಗೋಡೆಯ ವಿಸ್ತೀರ್ಣ ತೊಂಬತ್ತೆರಡು ಸಾವಿರ ಚದರ ಸೆಂಟಿಮೀಟರಿಗೂ ಮೇಲು. ಪ್ಲಗ್ಗು ತೆಗೆಯುವಾಗ ಗಿಲಾವು ಕಿತ್ತು ಬಂದು ತೂತು ಹತ್ತು ಪಾಲು ದೊಡ್ಡದಾಯಿತೆಂದೇ ಇಟ್ಟುಕೊಂಡರೂ ಗೌಂಡಿಗೆ ಅರ್ಧ ಗಂಟೆಯ ಕೆಲಸ, ಹಿಡಿ ಪುಟ್ಟಿಯ ಖರ್ಚು.

ತೇಪೆಯ ಬಣ್ಣ ಉಳಿದ ಗೋಡೆಯ ಬಣ್ಣಕ್ಕೆ ಹೊಂದುವುದಿಲ್ಲ, ಇಡೀ ಗೋಡೆಗೆ ಬಳಿಯಲೇಬೇಕು ಎಂಬ ಆಕ್ಷೇಪಣೆ ಬರುತ್ತದೆ. ಇದರಲ್ಲಿ ಸತ್ಯಾಂಶವುಂಟು. ಹೊಂದದಿರಲು ಕಾರಣ ಉಳಿದ ಗೋಡೆ ಹಳತಾಗಿರುವುದು ತಾನೇ? ಐದು ವರ್ಷಕ್ಕೊಮ್ಮೆ ಬಣ್ಣ ಬಳಿಸುವ ಯಜಮಾನನ ಮನೆಯಲ್ಲಿ ಬಣ್ಣಕ್ಕೆ ನಾಲ್ಕು ವರ್ಷ ತುಂಬಿದೆಯೆನ್ನೋಣ, ಆ ಗೋಡೆಗೆ ಹೊಸ ಬಣ್ಣಕ್ಕೆ 5,000 ರೂಪಾಯಿ ಬೀಳುತ್ತದೆಯೆನ್ನೋಣ. ತೂತು ಇಲ್ಲದಿದ್ದರೂ ಮುಂದಿನ ವರ್ಷ ಅವನು ಅಷ್ಟನ್ನೂ ತನ್ನ ಕೈಯಿಂದಲೇ ಹಾಕಬೇಕಾಗಿತ್ತು. ಬಾಡಿಗೆದಾರನಿಂದ ಕಳೆದುಹೋದುದು ಒಂದು ವರ್ಷದ ಆಯುಸ್ಸು ಮಾತ್ರ. ಅವನು ಕೊಡಬೇಕಾದುದು ಹೆಚ್ಚೆಂದರೆ 1,000. ಉಳಿದ 4,000 ರೂಪಾಯಿ ಯಾವ ಲೆಕ್ಕಕ್ಕೆ ಹೋಯಿತು? ಅಚೌರ್ಯದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂಬುದೊಂದಿದೆ. ಕೊಳ್ಳುವಾಗ ದೊಡ್ಡ ಕೊಳಗ, ಕೊಡುವಾಗ ಚಿಕ್ಕ ಕೊಳಗ. ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ಗುಲಗಂಜಿ ವ್ಯತ್ಯಾಸವಾದರೆ ರೇಗುವ ಮನೆತನಗಳು ಗೋಡೆಯ ತಕ್ಕಡಿಯಲ್ಲಿ ಎರಡು ಬಟ್ಟು ಇಟ್ಟುಕೊಂಡಿರುವುದು ವಿಚಿತ್ರ.

ಮತ್ತೊಂದು ಅತಿಚಾರ ಕೂಟಲೇಖಕ್ರಿಯೆ, ಇಲ್ಲದುದನ್ನು ಬರಹದಲ್ಲಿ ಇದೆಯೆನ್ನುವುದು. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಬೇಕಾಗುತ್ತದೆಂದು ಹನ್ನೊಂದು ತಿಂಗಳ ಕರಾರು ಬರೆಯುವುದು ಎಲ್ಲೆಡೆಯ ಪದ್ಧತಿ. ಛಾಪಾಕಾಗದದ ಮೇಲೆ ಟೈಪು ಮಾಡಿಸಿದ ಆ ಕರಾರಿನಲ್ಲಿ, ಹೊಸದಾಗಿ ಬಣ್ಣ ಬಳಿದು ಸುಸ್ಥಿತಿಯಲ್ಲಿರುವ ಮನೆ ಎಂಬ ಒಕ್ಕಣೆ ಬಣ್ಣ ಕಾಣದೆ ಆರು ವರ್ಷವಾದ ಮನೆಗೂ ಸಲೀಸಾಗಿ ನಕಲಾಗುತ್ತದೆ. ಯಜಮಾನನು ಓದದೆ ಸಹಿ ಹಾಕುತ್ತಾನೆ, ಬಾಡಿಗೆದಾರನು ಓದಿದರೂ ಬಾಯಿ ತೆರೆಯಲಾರ. ಬಿಡುವ ದಿನ ಆ ಕಾಗದವೇ ಸಾಕ್ಷಿ.

ಟೀವಿಯೇ ಅನರ್ಥದ ಮೂಲ, ಬಸದಿಯ ಮಗ್ಗುಲಿನ ಮನೆಯಲ್ಲಿ ಅದಕ್ಕೆ ಆಸ್ಪದವೇ ಬೇಡವೆನ್ನುವ ಹಿರಿಯರೂ ಇದ್ದಾರೆ. ಅವರ ಅಭಿಪ್ರಾಯಕ್ಕೆ ಗೌರವ ಸಲ್ಲಬೇಕು. ಪೂಜೆಯ ಹೊತ್ತಿನಲ್ಲಿ ಜಾಹೀರಾತಿನ ಗದ್ದಲ ಕಿವಿಗೆ ಬೀಳುವುದು ಯಾರಿಗೂ ಹಿತವಲ್ಲ. ಆದರೆ ಆ ಮಾತನ್ನು ಆ ಮಾತಾಗಿಯೇ, ಮನೆ ಕೊಡುವ ಮೊದಲು, ಸಮಯದ ನಿಯಮದೊಡನೆ ಹೇಳಬೇಕು. ಮನಸ್ಸಿನಲ್ಲಿ ಟೀವಿಯ ಮೇಲಿನ ಅಸಮಾಧಾನವಿಟ್ಟುಕೊಂಡು ಬಾಯಲ್ಲಿ ಗೋಡೆಯ ನೆಪ ಹೇಳುವುದು ಮಾಯಾಕಷಾಯ. ತೂತು ಬೇಡವೆಂದರೆ ಟೀವಿ ನಿಲ್ಲುವುದೂ ಇಲ್ಲ. ಮೇಜಿನ ಮೇಲೆ ಅಷ್ಟೇ ಗಟ್ಟಿಯಾಗಿ ಕೂಗುತ್ತದೆ.

ಬಸದಿಗಳ ಟ್ರಸ್ಟುಗಳವರ ವಾದ ಇದಕ್ಕಿಂತ ಬಿಗಿಯಾದುದು. “ಇದು ನಮ್ಮ ಸ್ವಂತದ ಮನೆಯಲ್ಲ; ದೇವದ್ರವ್ಯ. ಔದಾರ್ಯ ತೋರಿಸಲು ನಮಗೆ ಅಧಿಕಾರವಿಲ್ಲ” ಎಂದು ಪದಾಧಿಕಾರಿಗಳು ಹೇಳುತ್ತಾರೆ. ದೇವದ್ರವ್ಯವನ್ನು ಒಂದು ಕಾಸೂ ಸೋರದಂತೆ ಕಾಯಬೇಕೆಂಬುದು ನಿಜ. ಗೋಡೆಗೆ ನಿಜವಾಗಿ ಆದ ಹಾನಿಯನ್ನು ಪೂರ್ತಿಯಾಗಿ ವಸೂಲು ಮಾಡಲಿ. ಬಿಟ್ಟುಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಅದಕ್ಕೆ ಮೀರಿ ಹಿಡಿದ ಹಣ ದೇವದ್ರವ್ಯವಾಗುವುದು ಹೇಗೆ? ಅದು ಭಕ್ತನು ಸ್ವಇಚ್ಛೆಯಿಂದ ಅರ್ಪಿಸಿದ್ದಲ್ಲ, ನ್ಯಾಯವಾಗಿ ಬರಬೇಕಾದ ಬಾಡಿಗೆಯೂ ಅಲ್ಲ. ಕೊಡದೆ ಇದ್ದುದನ್ನು ತೆಗೆದುಕೊಂಡದ್ದು, ಅದತ್ತಾದಾನ. ಸ್ವಂತ ಮನೆಯ ಯಜಮಾನನು ಹೀಗೆ ಮಾಡಿದರೆ ದೋಷ ಅವನ ತಲೆಗೆ ಮಾತ್ರ. ಟ್ರಸ್ಟು ಮಾಡಿದರೆ ಆ ಹಣ ಭಂಡಾರಕ್ಕೆ ಬಿದ್ದು ಅಭಿಷೇಕದ ಹಾಲಿಗೂ ಅದರಿಂದಲೇ ಖರ್ಚಾಗುತ್ತದೆ. ಕೈಮುಗಿದು ನಿಂತ, ಏನೂ ತಿಳಿಯದ ಶ್ರಾವಕ ಶ್ರಾವಿಕೆಯರೆಲ್ಲ ಅದರ ಪಾಲುದಾರರಾಗುತ್ತಾರೆ. ದೇವರ ಹೆಸರು ಹೇಳಿ ಹಿಡಿದುಕೊಂಡ ಹಣ ದೇವರಿಗೆ ಸಲ್ಲುತ್ತದೆಂಬ ನಂಬಿಕೆಗೆ ಆಗಮದಲ್ಲಿ ಆಧಾರವಿದ್ದರೆ ಅಂಥ ಪದಾಧಿಕಾರಿಗಳು ತೋರಿಸಲಿ.

ಬಾಡಿಗೆದಾರನನ್ನು ಸಾಧುವೆಂದು ಚಿತ್ರಿಸುವುದೂ ಸರಿಯಲ್ಲ. ಕೇಳದೆ ಕೊರೆಯುವವನು, ಬಿಡುವಾಗ ಪ್ಲಗ್ಗನ್ನು ಇಕ್ಕುಳದಿಂದ ಕಿತ್ತು ಗಿಲಾವು ಸಹಿತ ಎಳೆಯುವವನು, ತೂತಿಗೆ ಟೂತ್‌ಪೇಸ್ಟು ಮೆತ್ತಿ ಹೋಗುವವನು ಇದ್ದೇ ಇದ್ದಾರೆ. ಅದತ್ತಾದಾನದ ಮಾತು ಅವರಿಗೂ ಅನ್ವಯಿಸುತ್ತದೆ. ತೂತನ್ನು ಮುಚ್ಚುವ ಕೆಲಸ ಬ್ರ್ಯಾಕೆಟ್ಟು ಬಿಚ್ಚಿದ ದಿನವೇ ಆಗಬೇಕು. ತಿಂಗಳುಗಟ್ಟಲೆ ತೆರೆದು ಬಿಟ್ಟರೆ ಇರುವೆ, ಕಣಜಗಳು ಅದರಲ್ಲಿ ಮನೆ ಮಾಡುತ್ತವೆ. ಆಮೇಲೆ ಮೆತ್ತುವ ಸಿಮೆಂಟು ಜೀವಂತ ಸಮಾಧಿಯಾಗುತ್ತದೆ. ಈ ಎಚ್ಚರ ಜೈನನಲ್ಲದ ಬಾಡಿಗೆದಾರನಿಗೆ ಇರಬೇಕೆಂದು ನಿರೀಕ್ಷಿಸುವಂತಿಲ್ಲ. ಮನೆಯವನೇ ತಿಳಿಸಿ ಹೇಳಬೇಕು.

ಹೀಗಿರುವಾಗ ಮಾಡಬೇಕಾದುದು ಕಷ್ಟದ್ದೇನೂ ಅಲ್ಲ. ಕೀಲಿ ಕೊಡುವ ದಿನವೇ ಗೋಡೆಗಳ ಫೋಟೋ ತೆಗೆದು ಇಬ್ಬರ ಬಳಿಯೂ ಇರಲಿ. ಬಣ್ಣ ಬಳಿದ ವರ್ಷವನ್ನು ಕರಾರಿನಲ್ಲಿ ಇದ್ದಂತೆಯೇ ಬರೆಯಲಿ. ಟೀವಿಯ ಅಪ್ಪಣೆಯನ್ನು ಬರಹದಲ್ಲಿಯೇ ಕೊಟ್ಟು, ಯಾವ ಗೋಡೆ, ಎಷ್ಟು ತೂತು, ಬಿಡುವಾಗ ಮುಚ್ಚಿಸುವವರು ಯಾರು ಎಂಬುದನ್ನು ಅದರಲ್ಲಿ ಕಾಣಿಸಲಿ. ಕಡಿತವಿದ್ದರೆ ಗೌಂಡಿಯ ಚೀಟಿ ತೋರಿಸಿ ಕಡಿಯಲಿ. ಹಿಂದಿನ ಬಾಡಿಗೆದಾರನು ಬಿಟ್ಟ ತೂತುಗಳಲ್ಲಿಯೇ ಮುಂದಿನವನು ತನ್ನ ಟೀವಿ ಜೋಡಿಸಬಹುದಾದರೆ ಆ ತೂತುಗಳ ಬೆಲೆಯನ್ನು ಇಬ್ಬರಿಂದಲೂ ಕೀಳುವುದಂತೂ ಆಗಬಾರದು. ಅದು ನಡೆಯುವುದಿಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು.

ಉಳಿದಿರುವುದು ಈಗಾಗಲೇ ಹಿಡಿದುಕೊಂಡ ಹಣದ ಮಾತು, ಮತ್ತು ಸಭೆಗಳಲ್ಲಿ ಎಲ್ಲರೂ ಜಾರಿಕೊಳ್ಳುವುದೂ ಇದೇ ಮಾತಿನಿಂದ. ಟ್ರಸ್ಟುಗಳ ಬಳಿ ಹಳೆಯ ಲೆಕ್ಕಪುಸ್ತಕಗಳಿವೆ. ಯಾವ ವರ್ಷ ಯಾರಿಂದ ಎಷ್ಟು ಠೇವಣಿ ಬಂತು, ಎಷ್ಟು ಹಿಂದಿರುಗಿತು, ಬಣ್ಣಕ್ಕೆ ನಿಜವಾಗಿ ಎಷ್ಟು ಖರ್ಚಾಯಿತು ಎಂಬ ಮೂರು ಅಂಕಣಗಳನ್ನು ಎದುರುಬದುರು ಇಟ್ಟರೆ ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹೊರಬೀಳುತ್ತದೆ. ಬರುವ ಪರ್ಯೂಷಣದಲ್ಲಿ ಕ್ಷಮೆ ಕೇಳುವ ಮೊದಲು ಇದಾಗಬೇಕು. ವಿಳಾಸ ಗೊತ್ತಿಲ್ಲವೆಂಬ ಕಾರಣ ನಿಲ್ಲುವುದಿಲ್ಲ: ವರ್ಗವಾಗಿ ಹೋದ ಶಿಕ್ಷಕನು ಈಗ ಯಾವ ಊರಿನಲ್ಲಿದ್ದಾನೆಂಬುದು ಅವನು ಕಲಿಸಿದ ಶಾಲೆಯ ಕಚೇರಿಯಲ್ಲಿ ಕೇಳಿದರೆ ತಿಳಿಯುತ್ತದೆ.